ತಲೆನೋವಿನ ಗುಳಿಗೆಯೇ ತಲೆನೋವಾದಾಗ

ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿತೆಂದರೆ ಮೆಡಿಕಲ್ ಶಾಪಿನ ಮುಂದೆ ಒಂದೇ ಮಾತು: "ಅಣ್ಣಾ, ತಲಿ ಭಾಳ ನೋಯ್ಲತ್ತದ, ಗುಳಿಗಿ ಕೊಡ್ರಿ."

ಆಗೊಮ್ಮೆ ಈಗೊಮ್ಮೆಯಾದರೆ ಸರಿ. ಆದರೆ ಪದೇ ಪದೇ ತಲೆನೋವು ಬರುವವರು ಪ್ಯಾರಾಸಿಟಮಾಲನ್ನು ತಿಂಗಳಿಗೆ 15 ದಿನ, ಇಲ್ಲವೇ ಕೆಫೀನ್ ಬೆರೆತ ಗುಳಿಗೆಯನ್ನು 10 ದಿನ, ಹೀಗೆ 3 ತಿಂಗಳು ದಾಟಿಸಿದರೆ ಗುಳಿಗೆಯೇ ನೋವನ್ನು ಉಳಿಸುತ್ತದೆ. ನರಮಂಡಲ ಅತಿ ಸೂಕ್ಷ್ಮವಾಗಿ ಸಣ್ಣ ಸಂಕೇತವನ್ನೂ ದೊಡ್ಡದು ಮಾಡತೊಡಗುತ್ತದೆ. ಸ್ಕ್ಯಾನ್ ನಾರ್ಮಲ್ ಬಂದರೂ ಆ ನೋವು ನಿಜ. ದಯವಿಟ್ಟು ಯಾರಿಗೂ "ನಾಟಕ" ಅನ್ನಬೇಡಿ.

ಗುಳಿಗೆ ನುಂಗಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಡಾಕ್ಟರಿಗೆ ತೋರಿಸಿ, ಅವರನ್ನು ಕೇಳಿದ ಮೇಲೆಯೇ ಗುಳಿಗೆ ಬಿಡಿ. ಬಿಟ್ಟ ಮೊದಲ ವಾರ ನೋವು ಏರಬಹುದು. ಬಹಳ ಜನ ಸೋಲುವುದು ಅಲ್ಲೇ.

ಇನ್ನು ತಲೆನೋವಿನ ಜೊತೆ ಚಕ್ಕರ್ (ತಲೆಸುತ್ತು) ಬರುವವರ ಮಾತು. ಚಕ್ಕರ್ ಬರುತ್ತದೆಂದು ತಲೆ ಅಲುಗಿಸದೇ ಕೂತರೆ ಮೆದುಳು ಸಮತೋಲನವನ್ನು ಮರಳಿ ಕಲಿಯುವುದಿಲ್ಲ. ತಪಾಸಣೆಯಾದ ಮೇಲೆ, ಕುರ್ಚಿಯಲ್ಲಿ ಕುಳಿತು ಹೆಬ್ಬೆರಳನ್ನು ಕೈಯುದ್ದಕ್ಕೆ ಹಿಡಿಯಿರಿ. ಕಣ್ಣು ಉಗುರಿನ ಮೇಲೇ ಇರಲಿ, ತಲೆ ಮಾತ್ರ ಎಡಕ್ಕೂ ಬಲಕ್ಕೂ ತಿರುಗಲಿ, 30 ಸೆಕೆಂಡು. ಉಗುರು ಮಸುಕಾದರೆ ವೇಗ ಹೆಚ್ಚಾಯಿತು ಎಂದರ್ಥ, ಇಳಿಸಿ.

ಏಕಾಏಕಿ ಭಯಂಕರ ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದ ಜೊತೆ ಕುತ್ತಿಗೆ ಬಿಗಿತ ಕಂಡರೆ ವ್ಯಾಯಾಮವೂ ಬೇಡ, ಗುಳಿಗೆಯೂ ಬೇಡ. 108ಕ್ಕೆ ಫೋನ್ ಮಾಡಿ.