ಗಂಗಾ ತಲಾವ್: ಮಾರಿಷಸ್ ದ್ವೀಪದ ಶಿವರಾತ್ರಿ

ಮಹಾಶಿವರಾತ್ರಿಗೆ ಇನ್ನೂ ಕೆಲವು ದಿನಗಳಿರುವಾಗಲೇ ಮಾರಿಷಸ್‌ನ ಊರೂರುಗಳಿಂದ ಬಿಳಿಯ ಉಡುಪು ತೊಟ್ಟ ಭಕ್ತರು ಬಿದಿರಿನ ಕಾವಡಿಗಳನ್ನು ಹೊತ್ತು, ದ್ವೀಪದ ದಕ್ಷಿಣ ಭಾಗದ ಎತ್ತರದಲ್ಲಿರುವ ಗಂಗಾ ತಲಾವ್ ಸರೋವರದತ್ತ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಅಲ್ಲಿ ಅದು ಬೇಸಿಗೆ. ಚಂಡಮಾರುತಗಳ ಕಾಲವೂ ಹೌದು. ಬಿಸಿಲು ಮಳೆಗಳೆರಡನ್ನೂ ಸಹಿಸಿ ನಡೆಯುವ ಅವರಿಗೆ ದಾರಿಯುದ್ದಕ್ಕೂ ಜನರು ನೀರು, ಹಣ್ಣು, ಊಟ ಕೊಟ್ಟು ಉಪಚರಿಸುತ್ತಾರೆ. ಶಿವರಾತ್ರಿಗೆಂದು ಘಟ್ಟ ಇಳಿದು ಧರ್ಮಸ್ಥಳಕ್ಕೆ ನಡೆದುಹೋಗುವ ನಮ್ಮ ಪಾದಯಾತ್ರಿಗಳನ್ನು ಕಂಡವರಿಗೆ ಈ ಯಾತ್ರೆ ಅಪರಿಚಿತವೆನಿಸದು.

ಭಾರತದ ಧರ್ಮವೂ ಸಂಸ್ಕೃತಿಯೂ ಕಡಲಾಚೆಗೆ ಹಬ್ಬಿದ ಬಗೆಯನ್ನು ಹೇಳುವಾಗ ನಾವು ಅರಸರನ್ನು, ವರ್ತಕರನ್ನು, ಸಂನ್ಯಾಸಿಗಳನ್ನು ನೆನೆಯುತ್ತೇವೆ. ಮಾರಿಷಸ್‌ನಲ್ಲಿ ಶಿವನಿಗೆ ನೆಲೆ ಒದಗಿಸಿದವರು ಕಬ್ಬಿನ ತೋಟದ ಕೂಲಿಕಾರರು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಗುತ್ತಿದ್ದ ಕಾಲದಲ್ಲಿ ತೋಟದ ಮಾಲೀಕರು ಕರಾರಿನ ಮೇಲೆ ಆಳುಗಳನ್ನು ಭಾರತದಿಂದ ತರಿಸಿಕೊಂಡರು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಿಂದ 36 ಮಂದಿ ಪೋರ್ಟ್ ಲೂಯಿಯಲ್ಲಿ ಇಳಿದರು. ಮುಂದೆ 20ನೆಯ ಶತಮಾನದ ಆರಂಭದವರೆಗೆ ಸುಮಾರು ನಾಲ್ಕೂವರೆ ಲಕ್ಷ ಜನ ಬಂದರು. ಭೋಜಪುರಿ ಆಡುವ ಬಿಹಾರದ ಕಡೆಯವರು ಹೆಚ್ಚು. ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಅವರು ಬಂದಿಳಿದ ಬಂದರಿನ ಆ ತಾಣ ಇಂದು ಆಪ್ರವಾಸಿ ಘಾಟ್ ಎಂಬ ಹೆಸರಿನಲ್ಲಿ, 2006ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಊರು, ಬಂಧು, ಹೊಲ, ಕುಲದೇವರ ಗುಡಿ, ಎಲ್ಲವನ್ನೂ ಬಿಟ್ಟುಬಂದ ಆ ಬಡವರಿಗೆ ಗಂಗೆಯೂ ದೂರವಾಗಿದ್ದಳು. 1897ರಲ್ಲಿ ಉತ್ತರದ ತ್ರಿಯೊಲೆ ಗ್ರಾಮದ ಅರ್ಚಕ ಝುಮ್ಮನ್ ಗಿರಿ ಗೋಸಾಯಿಯವರಿಗೆ, ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಈ ಸರೋವರಕ್ಕೂ ಗಂಗೆಗೂ ನಂಟಿರುವಂತೆ ಕನಸು ಬಿತ್ತೆಂದು ಅಲ್ಲಿನವರು ನಂಬುತ್ತಾರೆ. ಮರುವರ್ಷ ಕೆಲವರು ಕಾಡುದಾರಿಯಲ್ಲಿ ನಡೆದು ಸರೋವರವನ್ನು ಮುಟ್ಟಿ, ಅದರ ನೀರನ್ನು ತಂದು ಶಿವರಾತ್ರಿಯಂದು ಶಿವನಿಗೆ ಅಭಿಷೇಕ ಮಾಡಿದರು. ಇಂದಿನ ಲಕ್ಷಾಂತರ ಜನರ ಯಾತ್ರೆಗೆ ಮೂಲ ಆ ಸಣ್ಣ ಗುಂಪು.

ಕನಸನ್ನು ನಂಬಿ ಅಷ್ಟು ದೂರ ನಡೆದರೇ ಎಂದು ಯಾರಾದರೂ ಕೇಳಿಯಾರು. ಆದರೆ ‘ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ, ನರ್ಮದೇ ಸಿಂಧು ಕಾವೇರಿ ಜಲೇಽಸ್ಮಿನ್ ಸನ್ನಿಧಿಂ ಕುರು’ ಎಂದು ನಮ್ಮ ಮನೆಗಳಲ್ಲಿ ಕಲಶಪೂಜೆ ಮಾಡುವಾಗ ಬಾವಿಯ ಅಥವಾ ನಲ್ಲಿಯ ನೀರಿಗೇ ಗಂಗೆಯನ್ನು ಆವಾಹಿಸುತ್ತೇವೆ. ಕರೆದಲ್ಲಿಗೆ ಅವಳು ಬರುತ್ತಾಳೆಂಬುದು ನಮ್ಮ ನಿತ್ಯದ ಶ್ರದ್ಧೆ. ಕಲಶದಲ್ಲಿ ನಾವು ಮಾಡುವುದನ್ನೇ ಆ ಕೂಲಿಕಾರರು ಒಂದು ಸರೋವರದಲ್ಲಿ ಮಾಡಿದರು. ನಮಗಿಂತ ಅವರ ಕರೆಯಲ್ಲಿ ಆರ್ತತೆ ಹೆಚ್ಚಿತ್ತು, ಏಕೆಂದರೆ ಬಹುಪಾಲು ಜನರಿಗೆ ಕಾಶಿಯ ಗಂಗೆಯನ್ನು ಮತ್ತೆ ಕಾಣುವ ಆಸೆಯೇ ಉಳಿದಿರಲಿಲ್ಲ.

1972ರಲ್ಲಿ ಭಾರತದಿಂದ ಗಂಗಾಜಲವನ್ನು ತಂದು ಸರೋವರಕ್ಕೆ ಬೆರೆಸಿದರು. ದಡದ ಸಮೀಪ 108 ಅಡಿ ಎತ್ತರದ ಮಂಗಳ ಮಹಾದೇವನ ಮೂರ್ತಿ 2007ರಲ್ಲಿ ಲೋಕಾರ್ಪಣೆಯಾಯಿತು. ಎರಡೂ ಸಂತೋಷದ ಸಂಗತಿಗಳೇ. ಆದರೂ ಆ ನೀರು ತೀರ್ಥವಾದದ್ದು 1898ರ ಪಾದಯಾತ್ರೆಯಲ್ಲೇ ಎಂದು ನಾನು ನಂಬುತ್ತೇನೆ. ಈಚೆಗೆ ಕಾವಡಿಗಳು ಬಹಳ ದೊಡ್ಡವಾಗುತ್ತಿದ್ದು, 2024ರಲ್ಲಿ ಒಂದು ಕಾವಡಿಗೆ ವಿದ್ಯುತ್ ತಂತಿ ತಗುಲಿ ಬೆಂಕಿ ಹತ್ತಿ ಯಾತ್ರಿಕರು ಪ್ರಾಣ ಕಳೆದುಕೊಂಡರು. ಮೊದಲ ಯಾತ್ರಿಕರ ವ್ರತಕ್ಕೆ ಅಂಥ ಗಾತ್ರ ಬೇಕಾಗಿರಲಿಲ್ಲ ಎಂಬುದನ್ನು ಭಕ್ತಿಯಿಂದಲೇ ನೆನಪಿಸಬೇಕಾಗಿದೆ.

ಸರೋವರದ ನೀರನ್ನು ತುಂಬಿಕೊಂಡವರು ತಮ್ಮ ಊರಿನ ಶಿವಾಲಯಕ್ಕೆ ಮರಳುತ್ತಾರೆ. ನಮ್ಮಲ್ಲಿ ಯಾಮಪೂಜೆಯೆನ್ನುವಂತೆ ಅಲ್ಲಿಯೂ ಶಿವರಾತ್ರಿಯ ಇರುಳನ್ನು ನಾಲ್ಕು ಜಾವಗಳಾಗಿ ಎಣಿಸಿ, ಒಂದೊಂದು ಜಾವಕ್ಕೂ ಲಿಂಗಕ್ಕೆ ಆ ನೀರನ್ನು ಎರೆದು, ಬಿಲ್ವಪತ್ರೆಯನ್ನು ಏರಿಸಿ, ಬೆಳಗಿನವರೆಗೆ ಜಾಗರಣೆ ಮಾಡುತ್ತಾರೆ.