ಚಾಲಿ, ರಾಶಿ, ಎಐ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲೆಲ್ಲೂ ಎಐ ಮಾತೇ. ಶಿರಸಿಯ ನಮ್ಮ ಸಣ್ಣ ಸೊಸೈಟಿಗೂ ಬಂತು. ಸದಸ್ಯರಿಗೆ ಕಳಿಸುವ ಪತ್ರವೊಂದನ್ನು ಯಾವುದೋ ಆ್ಯಪ್‌ನಲ್ಲಿ ಬರೆಸಿದೆ. ಭಾಷೆ ಚೆಂದ, ಆದರೆ ಚಾಲಿ ಅಂದ್ರೆ ಬೇಯಿಸಿದ ಅಡಿಕೆಯಂತೆ! ಹಸಿ ಕಾಯಿ ಸುಲಿದು ಬೇಯಿಸಿ ಒಣಗಿಸಿದರೆ ರಾಶಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಇಲ್ಲಿನ ಮಕ್ಕಳಿಗೂ ಗೊತ್ತು, ಅಲ್ವಾ? ಎಐ ಅಂಗಳ ಕಂಡಿಲ್ಲ, ಓದಿದ್ದರ ಆಧಾರದ ಮೇಲೆ ಮುಂದಿನ ಪದ ಯಾವುದಿರಬಹುದು ಅಂತ ಲೆಕ್ಕ ಹಾಕುತ್ತದೆ, ಅಷ್ಟೆ.

ಹಾಗಂತ ಬಿಟ್ಟಿಲ್ಲ. ಸಭೆಯ ನಡಾವಳಿಯ ಕರಡು ಈಗಲೂ ಅದರದ್ದೇ. ಸದಸ್ಯರ ಸಾಲದ ಲೆಕ್ಕ ಮಾತ್ರ ಅದಕ್ಕೆ ತೋರಿಸುವುದಿಲ್ಲ. ದರ ಇರುವ ಯಾವ ಕಾಗದವೂ ನಮ್ಮ ಹಳೇ ಗುಮಾಸ್ತರು ಓದದೆ ಹೊರಗೆ ಹೋಗುವುದಿಲ್ಲ. ಅವರಿಗೋ, ತಿದ್ದುವುದಕ್ಕಿಂತ ನಗುವುದೇ ಜಾಸ್ತಿ.