ಪೀಚೆಕತ್ತಿಗಳ ಮಧ್ಯೆ ನನ್ನ ಸಣ್ಣ ಚಾಕು

"ಅಂಕಲ್, ನೀವು ಯಾವಾಗಲೂ ಚಾಕು ಇಟ್ಕೊಂಡೇ ಓಡಾಡ್ತೀರಾ?"

ಈ ವಾರ ಕೊಡಗಿನ ವಿರಾಜಪೇಟೆಯಲ್ಲಿ ಒಂದು ಕೊಡವ ಮದುವೆಯಲ್ಲಿ ಒಬ್ಬ ಹುಡುಗ ಹೀಗೆ ಕೇಳಿದ. ಬೆಂಗಳೂರಿನವನು, ಮದುಮಗನ ಜೊತೆ ಕೆಲಸ ಮಾಡುವವನಂತೆ. ಕೇಳುವಾಗಲೇ ಅರ್ಧ ಹೆಜ್ಜೆ ಹಿಂದೆ ಸರಿದಿದ್ದ. ನನ್ನ ಕೈಯಲ್ಲಿದ್ದದ್ದು ಕೆಂಪು ಹಿಡಿಯ ಸ್ವಿಸ್ ಚಾಕು. ಮಡಚಿದರೆ 91 ಮಿಲಿಮೀಟರ್. ಬಿಚ್ಚಿದರೆ ಅಲಗು ಏಳು ಸೆಂಟಿಮೀಟರ್ ಆಸುಪಾಸು, ಅಷ್ಟೇ.

ಅವನ ಬೆನ್ನ ಹಿಂದೆ ಫೋಟೋಕ್ಕೆ ನಿಂತಿದ್ದ ಗಂಡಸರ ಸಾಲು ನೋಡಬೇಕಿತ್ತು. ಕಪ್ಪು ಕುಪ್ಯ ಅನ್ನುವ ನಿಲುವಂಗಿ, ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ, ಪ್ರತಿಯೊಬ್ಬನ ಸೊಂಟದಲ್ಲೂ ಒಂದೊಂದು ಪೀಚೆಕತ್ತಿ, ಅಂದರೆ ಬೆಳ್ಳಿ ಕೆಲಸದ ಸಣ್ಣ ಕಠಾರಿ. ಸ್ವಲ್ಪ ಹೊತ್ತಿನ ಮುಂಚೆ ಇದೇ ಹುಡುಗ ಮದುವೆಯ ಶಾಸ್ತ್ರಕ್ಕೆ ಬಾಳೆ ಕಡಿಯುವುದನ್ನು ವಿಡಿಯೋ ಮಾಡಿದ್ದ. ಒಡಿಕತ್ತಿ ಅನ್ನುವ ಅಗಲ ಅಲಗಿನ ದೊಡ್ಡ ಕತ್ತಿಯ ಒಂದೇ ಏಟಿಗೆ ಬಾಳೆ ದಿಂಡು ಉರುಳಿದಾಗ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದಿದ್ದ. ಆಗ ಅವನಿಗೆ ಹೆದರಿಕೆ ಆಗಲಿಲ್ಲ. ನನ್ನ ಜೇಬಿನಿಂದ ಹೊರಬಂದದ್ದನ್ನು ನೋಡಿ ಆಯಿತು.

ನಾನು ಅದನ್ನು ತೆಗೆದದ್ದಾದರೂ ಯಾಕೆ? ಬಂದವರಿಗೆ ಕೊಡಲು ತಂದಿದ್ದ ಸ್ವೀಟಿನ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದಿತ್ತು. ಹಲ್ಲಿನಲ್ಲಿ ಕಚ್ಚಿ ನೋಡಿದರು, ಕಾರಿನ ಕೀಲಿಯಲ್ಲಿ ಗೀರಿ ನೋಡಿದರು. ಅಡುಗೆಯವರ ಚಾಕು ಮದುವೆ ಹಾಲ್‌ನ ಆ ತುದಿಯಲ್ಲಿ, ಪಂದಿಕರಿ (ಹಂದಿ ಮಾಂಸದ ಸಾರು) ಪಾತ್ರೆಗಳ ಆಚೆ. ಒಬ್ಬ ತರುಣ ತನ್ನ ಮಾವನ ಪೀಚೆಕತ್ತಿಯನ್ನೇ ಎಳೆಯಲು ಹೋದ. ಅದು ಒರೆಯಿಂದ ಬರಲೇ ಇಲ್ಲ. ಮಾವನಿಗೂ ಅದನ್ನು ಕೊನೆಯ ಸಲ ಹೊರಗೆ ತೆಗೆದದ್ದು ಯಾವಾಗ ಅಂತ ನೆನಪಿಲ್ಲ. ಒಡಿಕತ್ತಿ ಆಗಲೇ ಯಾರದೋ ಕಾರಿನ ಡಿಕ್ಕಿ ಸೇರಿತ್ತು. ಆಗ ನಾನು ಚಾಕು ತೆಗೆದು ಟಕ್ ಟಕ್ ಅಂತ ನಾಲ್ಕು ಪಟ್ಟಿ ಕತ್ತರಿಸಿದೆ.

ಆ ಮಾವ ನನ್ನ ಚಾಕು ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಎಂತ ಕುಯ್ಯೋದು ಮಾರಾಯ, ವೀಳ್ಯದೆಲೆ ತೊಟ್ಟಾ?" ಅಂತ ನಕ್ಕರು. ಅವರದು ಯಾವಾಗಲೂ ಹೀಗೇ. ಜೀಪು, ನಾಯಿ, ಟಾರ್ಚು, ಎಲ್ಲ ಊರಿಗೇ ದೊಡ್ಡದಿರಬೇಕು. ಒಳ್ಳೆಯ ಮನುಷ್ಯ, ಆದರೆ ಕತ್ತರಿಸಿ ಬಿದ್ದಿದ್ದ ಪಟ್ಟಿಗಳ ಮೇಲೆ ನಿಂತುಕೊಂಡೇ ಈ ಮಾತು ಹೇಳಿದರಲ್ಲ, ಅದಕ್ಕೆ ನನಗೆ ಸ್ವಲ್ಪ ಉರಿಯಿತು.

ಒಂದೇ ಚಾಕು. ಒಬ್ಬರಿಗೆ ಆಟದ ಸಾಮಾನು, ಇನ್ನೊಬ್ಬನಿಗೆ ಆಯುಧ. ಎರಡೂ ಒಂದು ನಿಮಿಷದ ಒಳಗೆ!

ಜೇಬಿನ ಚಾಕು ಕೊಳ್ಳುವವರೆಲ್ಲ ಮೊದಲು ಕೇಳುವುದು ಎಷ್ಟುದ್ದ ಇರಬೇಕು ಅಂತ. ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವನು. ನಮ್ಮ ಕೆಲಸಕ್ಕೆ ಏನು ಬೇಕು ಅಂತ ನೋಡಿ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು. ಮಳೆ ಶುರುವಾದ ಮೇಲೆ ಮೆಣಸಿನ ಬಳ್ಳಿಯನ್ನು ಸಿಲ್ವರ್ ಮರಕ್ಕೆ ಕಟ್ಟುವಾಗ ಹಗ್ಗ ತುಂಡು ಮಾಡಬೇಕು. ಕಾಫಿ ಸಸಿ ನೆಡುವಾಗ ಪಾಲಿಥಿನ್ ಚೀಲದ ತಳ ಕತ್ತರಿಸಬೇಕು. ಅದರ ಜೊತೆ ಸುರುಳಿ ಸುತ್ತಿದ ತಾಯಿಬೇರಿನ ತುದಿಯೂ ಹೋಗಬೇಕು, ಇಲ್ಲದಿದ್ದರೆ ಗಿಡ ಮೇಲೇಳುವುದಿಲ್ಲ. ಕಾಯಿಕೊರಕ ಬಿದ್ದಿದೆಯಾ ಅಂತ ನೋಡಲು ಕಾಫಿ ಹಣ್ಣಿನ ತುದಿಯಲ್ಲಿ ತೂತು ಹುಡುಕಿ, ಅಲ್ಲೇ ಸೀಳಬೇಕು. ಒಳಗಿರುವ ಕಪ್ಪು ದುಂಬಿ ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ. ಮಧ್ಯೆ ಒಂದು ಕಿತ್ತಳೆ ಸಿಕ್ಕಿದರೆ ಅದೂ ಆಯಿತು. ಇದರಲ್ಲಿ ಯಾವುದಕ್ಕೂ ಮೂರು ಇಂಚಿಗಿಂತ ಉದ್ದದ ಅಲಗು ಬೇಡ. ಕೊಂಬೆ ಕಡಿಯಲು, ಕಾಡು ಸವರಲು ಕತ್ತಿ ಬೇರೆಯೇ ಇದೆ. ಮಡಚುವ ಚಾಕುವಿನಿಂದ ಕತ್ತಿಯ ಕೆಲಸ ಮಾಡಿಸುವವರು ಒಂದಲ್ಲ ಒಂದು ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರುತ್ತಾರೆ.

ನಿಜವಾಗಿ ನೋಡಬೇಕಾದದ್ದು ಅಲಗನ್ನಲ್ಲ, ಹಿಡಿಯನ್ನು. ಅಲಗು ಹಿಡಿಯೊಳಗೇ ಮಲಗಬೇಕಲ್ವಾ? ಹಾಗಾಗಿ ಹಿಡಿ ಎಷ್ಟು ಅಂತ ತೀರ್ಮಾನಿಸಿದರೆ ಅಲಗು ತಾನಾಗಿ ತೀರ್ಮಾನ ಆಗುತ್ತದೆ. ನಾಲ್ಕು ಬೆರಳೂ ಹಿಡಿಯ ಮೇಲೆ ಕೂರಬೇಕು. ಸಾಮಾನ್ಯ ಗಂಡಸಿನ ಅಂಗೈ ಅಗಲ ಎಂಟರಿಂದ ಒಂಬತ್ತು ಸೆಂಟಿಮೀಟರ್. ಅದಕ್ಕೇ 91 ಮಿಲಿಮೀಟರಿನದು ಇಷ್ಟು ಜನರ ಕೈಗೆ ಒಗ್ಗುವುದು. ಈ ಸ್ವಿಸ್ ಚಾಕು ಮಾಡುವ ವಿಕ್ಟೋರಿನಾಕ್ಸ್ ಕಂಪನಿಯವರದೇ 58 ಮಿಲಿಮೀಟರಿನ ಮರಿ ಚಾಕು ಇದೆ. ಕೀಲಿಗೊಂಚಲಿಗೆ ಸಿಕ್ಕಿಸಿದರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಅದನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಬೇಕು. ಜುಲೈ ತಿಂಗಳಲ್ಲಿ, ಕೈಯೆಲ್ಲ ಒದ್ದೆ, ಕಾಲಲ್ಲಿ ಜಿಗಣೆ, ಆ ಹೊತ್ತಿನಲ್ಲಿ ಚಿವುಟಿ ಹಿಡಿದದ್ದು ಜಾರಿ ಕಾಫಿ ಗಿಡದ ಬುಡಕ್ಕೆ ಹೋಗುತ್ತದೆ. 111 ಮಿಲಿಮೀಟರಿನದಕ್ಕೆ ಅಲಗು ಲಾಕ್ ಆಗುತ್ತದೆ, ಅದು ಒಳ್ಳೆಯದೇ. 91ರದಕ್ಕೆ ಲಾಕ್ ಇಲ್ಲ, ಬರೀ ಸ್ಪ್ರಿಂಗ್ ಬಿಗಿತ. ತುದಿಯಿಂದ ಚುಚ್ಚಿ ಒತ್ತುವ ಅಭ್ಯಾಸ ಇರುವವರು ಲಾಕ್ ಇರುವುದನ್ನೇ ಕೊಳ್ಳಲಿ. ಉಳಿದವರಿಗೆ ಅದು ದಪ್ಪ ಜಾಸ್ತಿ. ಪ್ಯಾಂಟಿನ ಜೇಬಿನಲ್ಲಿ ಕೂತರೆ ತೊಡೆಗೆ ಒತ್ತುತ್ತದೆ, ಬೈಕಿನ ಮೇಲಂತೂ ಇನ್ನೂ ಕಷ್ಟ.

ತೂಕದ ವಿಷಯ ಯಾರೂ ಮಾತಾಡುವುದಿಲ್ಲ. ಎರಡು ಅಲಗು, ಓಪನರ್, ಕಾರ್ಕ್ ತಿರುಪು ಇರುವ ಸಾದಾ 91ರ ಚಾಕು ಸುಮಾರು 60 ಗ್ರಾಂ. ಅದಕ್ಕೇ ಗರಗಸ, ಕತ್ತರಿ ಸೇರಿಸಿದರೆ 100 ಗ್ರಾಂ ಹತ್ತಿರ ಹೋಗುತ್ತದೆ. ಅಂಗಡಿಯಲ್ಲಿ ನಿಂತು ನೋಡುವಾಗ ಎಲ್ಲವೂ ಬೇಕು ಅನ್ನಿಸುತ್ತದೆ. ಜೇಬು ಜೋತು ಬೀಳಲು ಶುರುವಾದ ಮೇಲೆ ಚಾಕು ಮೇಜಿನ ಡ್ರಾಯರ್ ಸೇರುತ್ತದೆ. ಪಕ್ಕದ ತೋಟದ ಮಾಲೀಕರ ಮಗ ಆನ್‌ಲೈನಿನಲ್ಲಿ ಒಂದು ದೊಡ್ಡದು ತರಿಸಿದ್ದ. ಕಪ್ಪು ಬಣ್ಣ, ಅಲಗಿಗೆ ಅರ್ಧ ಹಲ್ಲು, ಸೊಂಟಕ್ಕೆ ಸಿಕ್ಕಿಸುವ ಕ್ಲಿಪ್. ಸ್ವಲ್ಪ ದಿನ ಎಲ್ಲರಿಗೂ ತೋರಿಸಿದ. ಈಗ ಅದು ಅವನ ಜೀಪಿನ ಡ್ಯಾಶ್‌ಬೋರ್ಡಿನಲ್ಲಿದೆ. ಹಗ್ಗ ಕತ್ತರಿಸಬೇಕಾಗುವುದು ತೋಟದ ಒಳಗೆ, ಜೀಪು ಗೇಟಿನ ಹತ್ತಿರ. ಮೊನ್ನೆ ನನ್ನ ಹತ್ತಿರವೇ ಕೇಳಿ ಇಸಿದುಕೊಂಡ, ಪಾಪ.

ಫ್ರಾನ್ಸಿನ ಓಪಿನೆಲ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅದರಷ್ಟು ಚಂದದ ಚಾಕು ನಾನು ನೋಡಿಲ್ಲ. ಮರದ ಹಿಡಿ, ಒಂದೇ ಅಲಗು, ಕುತ್ತಿಗೆಗೆ ತಿರುಗಿಸಿ ಲಾಕ್ ಮಾಡುವ ಉಂಗುರ. ಅಳತೆಗೆ ನಂಬರ್ ಕೊಟ್ಟಿದ್ದಾರೆ. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್, ಅದೇ ಹೆಚ್ಚು ಜನ ಕೊಳ್ಳುವುದು. ಅಷ್ಟುದ್ದ ಇದ್ದೂ ಜೇಬಿಗೆ ಹಗುರ. ಬೇಸಿಗೆಯಲ್ಲಿ ಕಿತ್ತಳೆ ಸುಲಿಯಲು ಅದಕ್ಕೆ ಸಮ ಇಲ್ಲ. ಆದರೆ ಜೋರು ಮಳೆಯ ಕಕ್ಕಡ ತಿಂಗಳು ಬಂದರೆ ಮುಗಿಯಿತು. ಮರದ ಹಿಡಿ ನೀರು ಕುಡಿದು ಊದಿಕೊಳ್ಳುತ್ತದೆ, ಅಲಗು ಒಳಗೇ ಕಚ್ಚಿಕೊಂಡು ಕೂರುತ್ತದೆ. ಹಿಡಿಯ ಹಿಂಬದಿಯನ್ನು ಕಲ್ಲಿಗೆ ಕುಟ್ಟಿ ಹೊರಗೆ ತೆಗೆಯಬೇಕು. ಕಾರ್ಬನ್ ಉಕ್ಕಿನದಾದರೆ ಹಣ್ಣಿನ ಹುಳಿಗೆ ಕಪ್ಪಾಗುತ್ತದೆ, ರಾತ್ರಿ ಒರೆಸಿಡದಿದ್ದರೆ ಬೆಳಿಗ್ಗೆ ತುಕ್ಕು. ಸ್ಟೇನ್‌ಲೆಸ್ ಅಲಗಿನದೂ ಸಿಗುತ್ತದೆ. ಆದರೆ ಹಿಡಿ ಮರದ್ದೇ ಅಲ್ವಾ? ಈ ಮಳೆಯ ಊರಿಗೆ ಅದು ಆಗುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿ ಆರಿಸಿದ ಚಾಕು. ಆದರೂ ಆ ಹುಡುಗನ ಪ್ರಶ್ನೆ ಮದುವೆಯಿಂದ ಮನೆಯವರೆಗೂ ನನ್ನ ಜೊತೆ ಬಂತು. "ಯಾವಾಗಲೂ ಇಟ್ಕೊಂಡೇ ಓಡಾಡ್ತೀರಾ?" ಪೆನ್ನಿನ ಬಗ್ಗೆ, ಕನ್ನಡಕದ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ.

ಅವನ ಮೇಲೆ ನನಗೇನೂ ಕೋಪ ಇಲ್ಲ. ಅವನು ಮಡಚುವ ಚಾಕು ನೋಡಿರುವುದು ಸಿನಿಮಾದ ರೌಡಿಗಳ ಕೈಯಲ್ಲಿ ಇರಬೇಕು. ಕಾನೂನು ಹೇಳೋಣ ಅಂದುಕೊಂಡೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಶಸ್ತ್ರಾಸ್ತ್ರ ನಿಯಮದ ಪಟ್ಟಿಗೆ ಬರುತ್ತದೆ. ಮನೆಗೆ, ಬೇಸಾಯಕ್ಕೆ ಅಂತ ಮಾಡಿದವಕ್ಕೆ ಅದರಲ್ಲೂ ವಿನಾಯಿತಿ ಇದೆ. ನನ್ನದು ಮೂರು ಇಂಚೂ ಇಲ್ಲ. ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬಂದೂಕಿಗೇ ಲೈಸೆನ್ಸ್ ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಮುಹೂರ್ತ ಹಬ್ಬದ ದಿನ ಕೋವಿ, ಕತ್ತಿಗಳನ್ನು ತೊಳೆದು ಹೂವಿಟ್ಟು ಪೂಜೆ ಮಾಡುವ ಊರು ಇದು. ಆದರೆ ಮದುವೆ ಮನೆಯಲ್ಲಿ ಕಾನೂನು ಹೇಳುವವನನ್ನು ಜನ ಇನ್ನೂ ಅನುಮಾನದಿಂದ ನೋಡುತ್ತಾರೆ. ಸುಮ್ನೆ ಚಾಕು ಮಡಚಿ ಜೇಬಿಗೆ ಹಾಕಿದೆ.

ಮನೆಗೆ ಬಂದ ಮೇಲೆ ನೆನಪಾದದ್ದು ಬೇರೆ. ನಮ್ಮ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಅಸ್ಸಾಮಿನ ಒಬ್ಬ ಹುಡುಗ ಇದ್ದಾನೆ. ಮೆಣಸು ಕೊಯ್ಲಿನ ಸಮಯದಲ್ಲಿ ಕೆಲಸ ಮುಗಿಸಿ ನೇರವಾಗಿ ಸಂತೆಗೆ ಹೋಗಿದ್ದ. ಸೊಂಟದಲ್ಲಿ ಬಳ್ಳಿ ಕತ್ತರಿಸುವ ಸಣ್ಣ ಬಾಗು ಕತ್ತಿ ಹಾಗೇ ಉಳಿದಿತ್ತು. ಒಂದು ಅಂಗಡಿಯ ಮುಂದೆ ಅಲ್ಲಿದ್ದವರು ಅವನನ್ನು ನಿಲ್ಲಿಸಿ, "ಯಾವಾಗಲೂ ಇದನ್ನು ಇಟ್ಟುಕೊಂಡೇ ತಿರುಗುತ್ತೀಯಾ?" ಅಂತ ಕೇಳಿದರು. ಹೆಚ್ಚುಕಡಿಮೆ ಅದೇ ಮಾತು, ದನಿ ಮಾತ್ರ ಬೇರೆ. ಆಧಾರ್ ಕಾರ್ಡ್ ಕೇಳಿದರು. ಕತ್ತಿ ತೆಗೆದಿಟ್ಟುಕೊಂಡು, ನಿಮ್ಮ ರೈಟರನ್ನು ಕಳಿಸು ಅಂದರು. ನಾನು ಹೋಗಿ ತಂದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಒಂದು ಕೈಯಲ್ಲಿ ಆ ಕತ್ತಿ, ಜೇಬಿನಲ್ಲಿ ನನ್ನ ಚಾಕು, ಎರಡೂ ಇಟ್ಟುಕೊಂಡೇ ಪೇಟೆಯಲ್ಲಿ ಕಾಫಿ ಕುಡಿದು ಬಂದೆ.

ಹಾಗಾದರೆ ಅಳತೆ ಯಾವುದರದು? ಮದುವೆಯಲ್ಲಿ ಪೀಚೆಕತ್ತಿ ಇಟ್ಟವನನ್ನು ನೋಡಿ ಜನ ಫೋಟೋ ತೆಗೆಯುತ್ತಾರೆ, ನನ್ನನ್ನು ನೋಡಿ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ, ಅಸ್ಸಾಮಿನ ಹುಡುಗನನ್ನು ನೋಡಿ ಗುರುತಿನ ಚೀಟಿ ಕೇಳುತ್ತಾರೆ. ಮೂರರಲ್ಲಿ ದಿನವೂ ದುಡಿಯುವುದು ಅವನ ಕತ್ತಿ. ಪೀಚೆಕತ್ತಿಯನ್ನು ನಾನು ಆಡಿಕೊಳ್ಳುತ್ತಿಲ್ಲ, ಅದರ ಬೆಳ್ಳಿ ಕೆಲಸ ನೋಡಲು ಕಣ್ಣು ಸಾಲದು. ಆದರೆ ಆ ಮಾವ "ಎಂತ ಕುಯ್ಯೋದು" ಅಂತ ನನ್ನನ್ನು ಕೇಳಿದಾಗ, "ನಿಮ್ಮದರಲ್ಲಿ ಎಂತ ಕುಯ್ತೀರಿ?" ಅಂತ ತಿರುಗಿ ಕೇಳುವ ಧೈರ್ಯ ನನಗೂ ಬರಲಿಲ್ಲ, ಅಲ್ಲಿದ್ದ ಯಾರಿಗೂ ಬರಲಿಲ್ಲ.

ಆಮೇಲೆ ಅಸ್ಸಾಮಿನ ಹುಡುಗನಿಗೆ ಒಂದು ಮಡಚುವ ಚಾಕು ಕೊಡಿಸೋಣ ಅಂದುಕೊಂಡೆ. ಸೊಂಟದಲ್ಲಿ ಕಾಣುವುದಿಲ್ಲ, ಯಾರೂ ಕೇಳುವುದಿಲ್ಲ. ಅವನು ಬೇಡ ಅಂದ. ಬಾಗು ಕತ್ತಿಯೇ ಕೈಗೆ ಸರಿ, ಸಂತೆಗೆ ಹೋಗುವಾಗ ಮನೆಯಲ್ಲಿ ಇಟ್ಟು ಹೋಗುತ್ತೇನೆ ಅಂದ. ಜೇಬಲ್ಲಿ ಅಡಗಿಸಿಟ್ಟದ್ದು ಸಿಕ್ಕಿದರೆ ಇನ್ನೂ ಜಾಸ್ತಿ ಬೈಯುತ್ತಾರೆ ಸಾರ್ ಅಂತಲೂ ಸೇರಿಸಿದ. ನನಗೆ ಹೊಳೆಯದ ವಿಷಯ ಅದು.

ಇದನ್ನೆಲ್ಲ ಊಟದ ಹೊತ್ತಿಗೆ ಹೆಂಡತಿಯ ಹತ್ತಿರ ಹೇಳಿದೆ. ಅವಳು ಕೇಳಿ ಮುಗಿಸಿ, "ಜೇಬಿನ ಚಾಕು ಜೇಬಿನ ಚಾಕು ಅಂತೀರಲ್ಲ, ಸೀರೆಗೆ ಜೇಬು ಎಲ್ಲಿದೆ?" ಅಂದಳು. ತೋಟದ ಹೆಂಗಸರು ಹಗ್ಗವನ್ನು ಹಲ್ಲಿನಲ್ಲೇ ಕಚ್ಚಿ ತುಂಡು ಮಾಡುವುದನ್ನು ನಾನು ದಿನಾ ನೋಡುತ್ತೇನೆ. ಉತ್ತರ ಇರಲಿಲ್ಲ. ಕೀಲಿಗೊಂಚಲಿನ 58 ಮಿಲಿಮೀಟರಿನದು ನಿನಗೆ ಸರಿಹೋಗುತ್ತದೆ, ಪರ್ಸಿನಲ್ಲಿ ಇಟ್ಟುಕೋ ಅಂದೆ. ಮಗಳ ಮನೆಗೆ ಹೋಗಲು ಕಣ್ಣೂರಿನಲ್ಲಿ ವಿಮಾನ ಹತ್ತುವ ಮುಂಚೆ ಅದನ್ನು ಮರೆಯದೆ ಚೆಕ್-ಇನ್ ಬ್ಯಾಗಿಗೆ ಹಾಕಬೇಕು, ಕೈಚೀಲದಲ್ಲಿ ಬಿಡುವುದಿಲ್ಲ ಅಂತಲೂ ಹೇಳಿದೆ.

ಅವಳು ನನ್ನ ಕೆಂಪು ಚಾಕುವನ್ನೇ ತೆಗೆದುಕೊಂಡು ಬಿಚ್ಚಿ ನೋಡಿದಳು. ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆಯುವುದು ಅವಳಿಗೆ ಹಿಡಿಸಲಿಲ್ಲ. "ಪಾತ್ರೆ ತೊಳೆದ ಕೈಗೆ ಉಗುರೇ ಮೆತ್ತಗಿರುತ್ತೆ, ಒಂದೇ ಕೈಯಲ್ಲಿ ಬಿಚ್ಚುವಂಥದ್ದು ಇಲ್ವಾ?" ಅಂದಳು. ಇದೆ, ಹೆಬ್ಬೆರಳಿನಲ್ಲಿ ತಳ್ಳುವ ಗುಬುಟು ಇರುವವು ಬೇಕಾದಷ್ಟು ಸಿಗುತ್ತವೆ. ಅಂಥದ್ದು ತರಿಸುವವರೆಗೆ ಇದು ಇಲ್ಲೇ ಇರಲಿ ಅಂತ ನನ್ನದನ್ನು ಅಡುಗೆ ಮನೆಯ ಮೊಳೆಗೆ ನೇತು ಹಾಕಿದಳು. ನಾಳೆ ಗೊಬ್ಬರದ ಲಾರಿ ಬರುತ್ತದೆ, ನನ್ನ ಹತ್ತಿರ ಚಾಕು ಇಲ್ಲ. ಮಾಲೀಕರ ಮಗನಿಗೆ ಫೋನ್ ಮಾಡಿ ಜೀಪಿನದನ್ನು ತರಲು ಹೇಳಿದ್ದೇನೆ.